ಹಳೆಯ ಮನೆಯ ದುರಸ್ತಿ ಮತ್ತು ಮರುಮಾರಾಟ: ಲಾಭ ಕರಗುವ ಬಗೆ

ವ್ಯಾಪಾರದಲ್ಲಿ ಮಿಕ್ಕ ಹಣವನ್ನು ಸ್ಥಿರಾಸ್ತಿಯಲ್ಲಿ ತೊಡಗಿಸುವುದು ವರ್ತಕ ಸಮುದಾಯದಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ನಿವೇಶನ ಕೊಂಡು ಬೆಲೆ ಏರುವವರೆಗೆ ಕಾಯುವುದು ಅದರ ಒಂದು ಬಗೆ. ಶಿಥಿಲವಾದ ಹಳೆಯ ಮನೆಯೊಂದನ್ನು ಕಡಿಮೆ ಬೆಲೆಗೆ ಕೊಂಡು, ದುರಸ್ತಿ ಮಾಡಿಸಿ, ಸುಣ್ಣಬಣ್ಣ ಹಚ್ಚಿ, ಕೆಲವೇ ತಿಂಗಳುಗಳಲ್ಲಿ ಮಾರಿಬಿಡುವುದು ಮತ್ತೊಂದು ಬಗೆ. ಹಾರ್ಡ್‌ವೇರ್, ಟೈಲ್ಸ್, ಬಣ್ಣ, ಮರಮುಟ್ಟುಗಳ ವ್ಯಾಪಾರದಲ್ಲಿರುವವರಿಗೆ ಈ ಎರಡನೆಯ ಬಗೆ ವಿಶೇಷವಾಗಿ ಆಕರ್ಷಕವೆನಿಸುತ್ತದೆ. ಸಾಮಗ್ರಿ ಸ್ವಂತ ಅಂಗಡಿಯಲ್ಲೇ ಇದೆ, ಮೇಸ್ತ್ರಿಗಳು ಪರಿಚಿತರು, ಕೊಳ್ಳುವವರೂ ಗಿರಾಕಿಗಳ ಪೈಕಿಯೇ ಸಿಕ್ಕಾರು ಎಂಬ ಧೈರ್ಯ ಅವರದು.

ಈ ಧೈರ್ಯದ ಹಿಂದಿರುವ ಲೆಕ್ಕ ಸಾಮಾನ್ಯವಾಗಿ ಮೂರೇ ಅಂಕಿಗಳಲ್ಲಿ ಮುಗಿಯುತ್ತದೆ: ಕೊಂಡ ಬೆಲೆ, ದುರಸ್ತಿಯ ಖರ್ಚು, ಮಾರುವ ಬೆಲೆ. ಅಂಗಡಿಯ ಸರಕಿಗೆ ಸಾಗಣೆ, ಹಮಾಲಿ, ಬಡ್ಡಿ, ಕಮಿಷನ್ ಎಲ್ಲವನ್ನೂ ಪೈಸೆ ಬಿಡದೆ ಸೇರಿಸಿ ದರ ಕಟ್ಟುವ ವರ್ತಕರೇ ಮನೆಯ ವಿಷಯದಲ್ಲಿ ಈ ಮೂರು ಅಂಕಿಗಳಿಗೆ ತೃಪ್ತರಾಗುವುದು ವಿಚಿತ್ರವಾದರೂ ನಿಜ.

ವಿಷಯವನ್ನು ಸ್ಪಷ್ಟಪಡಿಸಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದಲ್ಲಿ ಮದ್ರಾಸ್ ತಾರಸಿಯ ಮನೆಯೊಂದು ಮಾರಾಟಕ್ಕಿದೆ. ಮಾರ್ಗಸೂಚಿ ಬೆಲೆ 52 ಲಕ್ಷ ರೂ.; ಮಾರುವವರಾದ ಇಬ್ಬರು ಅಣ್ಣತಮ್ಮಂದಿರು ಕೇಳುವುದು 60 ಲಕ್ಷ. ಸ್ಯಾನಿಟರಿ ಮತ್ತು ಹಾರ್ಡ್‌ವೇರ್ ವರ್ತಕರೊಬ್ಬರು ಅದನ್ನು 60 ಲಕ್ಷಕ್ಕೇ ಕೊಳ್ಳುತ್ತಾರೆ. ಅವರ ಅಂದಾಜಿನಂತೆ ದುರಸ್ತಿಗೆ 10 ಲಕ್ಷ, ಮಾರಾಟ ಬೆಲೆ 88 ಲಕ್ಷ, ಅವಧಿ ಆರು ತಿಂಗಳು. ಉಳಿಯುವುದು 18 ಲಕ್ಷ. ಇದಕ್ಕಾಗಿ ಅವರು ಅಂಗಡಿಯ ಕಟ್ಟಡವನ್ನು ಆಧಾರವಾಗಿಟ್ಟು ಶೇ. 11ರ ಬಡ್ಡಿಯಲ್ಲಿ 40 ಲಕ್ಷ ಸಾಲ ಪಡೆಯುತ್ತಾರೆ. ಉಳಿದುದನ್ನು ವ್ಯಾಪಾರದಿಂದ ತೆಗೆಯುತ್ತಾರೆ.

ಮನೆ ಕೊನೆಗೆ ಅವರು ಎಣಿಸಿದ 88 ಲಕ್ಷಕ್ಕೇ ಮಾರಾಟವಾಯಿತು ಎನ್ನೋಣ. ಆದರೆ ದುರಸ್ತಿಗೆ ಹತ್ತರ ಬದಲು ಹದಿನಾಲ್ಕೂವರೆ ಲಕ್ಷ ತಗುಲಿತು, ಆರು ತಿಂಗಳ ಬದಲು ಹದಿನಾಲ್ಕು ತಿಂಗಳು ಹಿಡಿಯಿತು. ಇವೆರಡೂ ಅಪರೂಪದ ಸಂಗತಿಗಳಲ್ಲ. ಆಗ ಪೂರ್ಣ ಲೆಕ್ಕ ಹೀಗಿರುತ್ತದೆ:

ಕ್ರಯದ ಹಣ: 60,00,000
ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್, ನೋಂದಣಿ ಶುಲ್ಕ (ಶೇ. 7.6): 4,56,000
ವಕೀಲರು, ಎಂಜಿನಿಯರ್, ಅಳತೆ, ದಾಖಲೆಗಳು: 40,000
ಕೊಳ್ಳುವಾಗಿನ ದಲ್ಲಾಳಿ (ಶೇ. 1): 60,000
ದುರಸ್ತಿ, ಜಿಎಸ್‌ಟಿ ಸೇರಿ: 14,50,000
40 ಲಕ್ಷಕ್ಕೆ 14 ತಿಂಗಳ ಬಡ್ಡಿ: 5,13,000
ಆಸ್ತಿ ತೆರಿಗೆ, ವಿದ್ಯುತ್, ನೀರು, ಕಾವಲು: 45,000
ಮಾರುವಾಗಿನ ದಲ್ಲಾಳಿ (ಶೇ. 1): 88,000
ಒಟ್ಟು ವೆಚ್ಚ: 86,52,000
ಮಾರಾಟ ಬೆಲೆ: 88,00,000
ತೆರಿಗೆಗೆ ಮುನ್ನ ಉಳಿದದ್ದು: 1,48,000

ಹದಿನೆಂಟು ಲಕ್ಷವಿದ್ದದ್ದು ಒಂದೂವರೆ ಲಕ್ಷಕ್ಕೆ ಇಳಿಯಿತು. ಕ್ರಯದ ದಿನದಂದೇ ವರ್ತಕರ ಸ್ವಂತ ಹಣ ಸುಮಾರು 25.56 ಲಕ್ಷ ಈ ಮನೆಯಲ್ಲಿ ಸಿಲುಕಿತ್ತು. ಅದನ್ನು ಶೇ. 6ರ ಬಡ್ಡಿಯ ಠೇವಣಿಯಲ್ಲಿ ಇಟ್ಟಿದ್ದರೆ ಹದಿನಾಲ್ಕು ತಿಂಗಳಿಗೆ ಸುಮಾರು 1,79,000 ರೂ. ಬರುತ್ತಿತ್ತು. ಅದೇ ಹಣ ಅಂಗಡಿಯ ದಾಸ್ತಾನಿನಲ್ಲಿ ತಿರುಗುತ್ತಿದ್ದರೆ ಎಷ್ಟು ಬರುತ್ತಿತ್ತೆಂಬುದನ್ನು ಆಯಾ ವರ್ತಕರೇ ಬಲ್ಲರು.

ಸರ್ಕಾರಕ್ಕೆ ಸಲ್ಲುವ ಪಾಲಿನ ಬಗ್ಗೆ ಇಲ್ಲಿಯೇ ಒಂದು ಮಾತು. ಕರ್ನಾಟಕದಲ್ಲಿ ಇಂತಹ ಮನೆಯ ಕ್ರಯಕ್ಕೆ ಮುದ್ರಾಂಕ ಶುಲ್ಕ ಶೇ. 5, ಆ ಶುಲ್ಕದ ಮೇಲೆ ಶೇ. 10ರ ಸೆಸ್ ಮತ್ತು ನಗರ ಪ್ರದೇಶದಲ್ಲಿ ಶೇ. 2ರ ಸರ್‌ಚಾರ್ಜ್ ಸೇರಿ ಶೇ. 5.6 ಆಗುತ್ತದೆ. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ. ಸ್ವಂತ ವಾಸಕ್ಕೆ ಕೊಳ್ಳುವವರು ಈ ಶೇ. 7.6ನ್ನು ಇಪ್ಪತ್ತು ವರ್ಷಗಳ ಅವಧಿಗೆ ಹಂಚಿ ನೋಡಬಹುದು. ವರ್ಷದೊಳಗೆ ಮಾರಬೇಕೆನ್ನುವವರಿಗೆ ಅದು ಮೊದಲ ದಿನವೇ ತಲೆಯ ಮೇಲೆ ಬೀಳುವ ಹೊರೆ. ಮನೆಯ ಬೆಲೆ ಅಷ್ಟು ಏರಿದ ಮೇಲಷ್ಟೇ ಅವರ ಲಾಭದ ಎಣಿಕೆ ಆರಂಭವಾಗುತ್ತದೆ.

ಗೋಡೆಯೊಳಗಿನ ಖರ್ಚು

ಹತ್ತು ಲಕ್ಷದ ಅಂದಾಜು ಹದಿನಾಲ್ಕೂವರೆ ಲಕ್ಷವಾದದ್ದು ಹೇಗೆ? ಕಣ್ಣಿಗೆ ಕಾಣುವ ಕೆಲಸಗಳ ಅಂದಾಜು, ಅಂದರೆ ನೆಲ, ಸ್ನಾನದ ಮನೆ, ಅಡುಗೆಮನೆ, ಬಾಗಿಲು, ಬಣ್ಣ, ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು. ಕಾಣದ ಕೆಲಸಗಳಿಗೆ ಅಂದಾಜಿನಲ್ಲಿ ಜಾಗವೇ ಇರಲಿಲ್ಲ. ತಾರಸಿಯ ಜಂತೆಗಳಿಗೆ 2.60 ಲಕ್ಷ, ವಿದ್ಯುತ್ ಮತ್ತು ನೀರಿನ ಮಾರ್ಗಗಳಿಗೆ 1.40 ಲಕ್ಷ, ಕಿತ್ತು ಮತ್ತೆ ಮಾಡಬೇಕಾದ ಗಾರೆಗೆ 50 ಸಾವಿರ ಹೀಗೆ ಹೆಚ್ಚುವರಿ ಸೇರಿಕೊಂಡಿತು.

ಹಳೇ ಮೈಸೂರು ಪ್ರಾಂತದಲ್ಲಿ ಆರ್‌ಸಿಸಿ ವ್ಯಾಪಕವಾಗುವ ಮುನ್ನ ಕಟ್ಟಿದ ಅನೇಕ ಮನೆಗಳಿಗೆ ಮದ್ರಾಸ್ ತಾರಸಿ ಇದೆ. ಮರದ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಓರೆಯಾಗಿ ಜೋಡಿಸಿ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಕಾಂಕ್ರೀಟನ್ನು ಹಾಕಿ ಬಡಿದು ಗಟ್ಟಿಗೊಳಿಸುವ ಪದ್ಧತಿ ಇದು. ಒಳ್ಳೆಯ ತೇಗದ ಜಂತೆಯಾಗಿದ್ದು ನೀರು ಇಳಿಯದಿದ್ದರೆ ನೂರು ವರ್ಷವೂ ಬಾಳೀತು. ಮಳೆನೀರು ಇಳಿದರೆ ಮೊದಲು ಕೆಡುವುದು ಜಂತೆಯ ನಡುಭಾಗವಲ್ಲ, ಗೋಡೆಯೊಳಗೆ ಹೂತಿರುವ ಅದರ ತುದಿ. ಕೆಳಗೆ ನಿಂತು ನೋಡಿದರೆ ಜಂತೆ ನೆಟ್ಟಗೆ ಕಾಣುತ್ತದೆ. ಗೋಡೆಯ ಸಂದಿನಲ್ಲಿ ದಬ್ಬಣದಿಂದ ಚುಚ್ಚಿ ನೋಡಿದರೆ ಮರ ಹುಡಿಯಾಗಿರುವುದು ತಿಳಿಯುತ್ತದೆ. ಅನುಭವಿ ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆದೊಯ್ದು ಅರ್ಧ ದಿನ ಪರೀಕ್ಷಿಸಿದ್ದರೆ ಈ 2.60 ಲಕ್ಷವು ಚೌಕಾಶಿಯ ಹೊತ್ತಿನಲ್ಲೇ ಮಾತಿಗೆ ಬರುತ್ತಿತ್ತು. ಉದಾಹರಣೆಯ ವರ್ತಕರು ಎಂಜಿನಿಯರ್‌ಗೆ ಹಣ ಕೊಟ್ಟರು ನಿಜ, ಕ್ರಯವಾದ ಮೇಲೆ ಕೊಟ್ಟರು.

ಗಾರೆಯ ಕಥೆ ಬೇರೆ. ಸುಣ್ಣದ ಗಾರೆಯ ಹಳೆಯ ಗೋಡೆ ನೆಲದ ತೇವವನ್ನು ಹೀರಿ ನಿಧಾನವಾಗಿ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟಿನ ಗಾರೆ ಬಳಿದು ಎಮಲ್ಷನ್ ಬಣ್ಣ ಹಚ್ಚಿದರೆ ತೇವಕ್ಕೆ ದಾರಿ ಮುಚ್ಚುತ್ತದೆ. ಬೇಸಿಗೆಯಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಮಳೆಗಾಲದ ಎರಡನೆಯ ತಿಂಗಳಿಗೆ ಉಪ್ಪು ಹೊಮ್ಮಿ ಬಣ್ಣ ಹಪ್ಪಳದಂತೆ ಏಳುತ್ತದೆ. ಕೊಳ್ಳುವವರು ಮನೆ ನೋಡಲು ಬರುವುದು ಸರಿಯಾಗಿ ಆ ಹೊತ್ತಿಗೆ. ಇಂತಹ ಗೋಡೆಗೆ ಮತ್ತೆ ಸುಣ್ಣದ ಗಾರೆಯೇ ಯೋಗ್ಯ. ಅದನ್ನು ಬಲ್ಲ ಕೆಲಸಗಾರರು ಈಗ ಕಡಿಮೆ, ಕೂಲಿಯೂ ಹೆಚ್ಚು, ಒಣಗಲು ಸಮಯವೂ ಹೆಚ್ಚು ಬೇಕು.

ಇಷ್ಟೆಲ್ಲ ತೊಂದರೆಯೇಕೆ, ಕೆಡವಿ ಹೊಸದಾಗಿ ಕಟ್ಟಿದರಾಯಿತು ಎನ್ನುವವರೂ ಉಂಟು. ಹಳೆಯ ಬೀದಿಗಳ ಮನೆಗಳು ಸಾಮಾನ್ಯವಾಗಿ ನಿವೇಶನದ ಅಂಚಿನವರೆಗೂ ಹಬ್ಬಿರುತ್ತವೆ. ಕೆಡವಿದೊಡನೆ ಇಂದಿನ ಕಟ್ಟಡ ನಿಯಮಗಳು ಅನ್ವಯಿಸಿ, ಸುತ್ತ ಬಿಡಬೇಕಾದ ಜಾಗವನ್ನು ಬಿಟ್ಟೇ ನಕ್ಷೆಗೆ ಮಂಜೂರಾತಿ ಪಡೆಯಬೇಕಾಗುತ್ತದೆ. ಚಿಕ್ಕ ನಿವೇಶನದಲ್ಲಿ ಇದರಿಂದ ಒಂದು ಕೋಣೆಯೇ ಹೋಗಬಹುದು. ಭಾರ ಹೊರುವ ಗೋಡೆಗಳನ್ನು ಮುಟ್ಟದೆ ದುರಸ್ತಿಗೆ ಸೀಮಿತವಾಗಿರುವುದು ಹಳೆಯ ಮನೆಯ ನಿಜವಾದ ಅನುಕೂಲ. ಗೋಡೆ ಒಡೆದು ಅಂಗಳವನ್ನು ದೊಡ್ಡದು ಮಾಡುವ ಆಸೆಗೆ ಬಿದ್ದವರು ಪಾಲಿಕೆಯ ಅನುಮತಿಯ ಪ್ರಶ್ನೆಯನ್ನು ತಾವಾಗಿಯೇ ಎಳೆದುಕೊಳ್ಳುತ್ತಾರೆ.

ಸಹಿ ಮಾಡದ ತಂಗಿ

ಅವಧಿ ಹದಿನಾಲ್ಕು ತಿಂಗಳಿಗೆ ಬೆಳೆದದ್ದಕ್ಕೆ ದುರಸ್ತಿಯೊಂದೇ ಕಾರಣವಲ್ಲ. ದುರಸ್ತಿ ಆರನೆಯ ತಿಂಗಳಿಗೆ ಮುಗಿದಿತ್ತು. ಒಂಬತ್ತನೆಯ ತಿಂಗಳಿಗೆ ಕೊಳ್ಳುವವರೂ ಸಿಕ್ಕಿದರು. ಅವರಿಗೆ ಸಾಲ ಕೊಡಲಿದ್ದ ಬ್ಯಾಂಕಿನ ವಕೀಲರು ದಾಖಲೆ ನೋಡಿ ಒಂದು ಪ್ರಶ್ನೆ ಎತ್ತಿದರು: ಮೂಲ ಮಾಲೀಕರಿಗೆ ಮಗಳೊಬ್ಬಳಿದ್ದಾಳಲ್ಲ, ಕ್ರಯಪತ್ರದಲ್ಲಿ ಆಕೆಯ ಸಹಿ ಎಲ್ಲಿ?

ವರ್ತಕರ ಕೈಯಲ್ಲಿ ಮೂವತ್ತು ವರ್ಷಗಳ ಶುದ್ಧವಾದ ಇ.ಸಿ. ಇತ್ತು. ಖಾತೆ ಅಣ್ಣತಮ್ಮಂದಿರ ಹೆಸರಿನಲ್ಲೇ ಇತ್ತು. ಆದರೆ ಇ.ಸಿ. ಹೇಳುವುದು ನೋಂದಣಿಯಾದ ಪತ್ರಗಳನ್ನು ಮಾತ್ರ. ಹುಟ್ಟಿನಿಂದ ಅಥವಾ ಉತ್ತರಾಧಿಕಾರದಿಂದ ಬಂದ ಹಕ್ಕು ಅದರಲ್ಲಿ ಕಾಣುವುದಿಲ್ಲ. ಖಾತೆಯು ತೆರಿಗೆ ಕಟ್ಟುವವರ ಹೆಸರೇ ಹೊರತು ಒಡೆತನದ ಪತ್ರವಲ್ಲ. ಹಿಂದೂ ಕುಟುಂಬದಲ್ಲಿ ತಂದೆಯ ಸ್ವಯಾರ್ಜಿತ ಆಸ್ತಿಗೆ, ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೆ, ಮಗಳು 1956ರ ಕಾಯ್ದೆಯಿಂದಲೇ ಮಗನೊಡನೆ ಸಮಾನ ವಾರಸುದಾರಳು. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಕರ್ನಾಟಕದ 1994ರ ತಿದ್ದುಪಡಿಯು ಅದಕ್ಕೆ ಮುನ್ನ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ನೀಡಿತು. 2005ರ ಕೇಂದ್ರ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳನ್ನೂ ಒಳಗೊಂಡಿತು. ತಂದೆ 2005ರ ಸೆಪ್ಟೆಂಬರ್ 9ರಂದು ಜೀವಂತವಿರಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುನ್ನ ನಡೆದ ಕ್ರಯ ಹಾಗೂ ನೋಂದಾಯಿತ ವಿಭಾಗಗಳಿಗೆ ಮಾತ್ರ ಇದರಿಂದ ಬಾಧೆಯಿಲ್ಲ. ‘ಮದುವೆಯಲ್ಲಿ ಕೊಟ್ಟಾಗಿದೆ, ಬಾಯಿಮಾತಿನಲ್ಲಿ ಪಾಲಾಗಿದೆ’ ಎಂಬ ಸಮಜಾಯಿಷಿಗೆ ಬ್ಯಾಂಕಿನ ಮುಂದೆ ಬೆಲೆಯಿಲ್ಲ.

ಆ ತಂಗಿ ಏನನ್ನೂ ಕೇಳದೆ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಮಾಡಿದಳು ಎಂದೇ ಇಟ್ಟುಕೊಂಡರೂ ಮಾತುಕತೆ, ಪತ್ರ, ನೋಂದಣಿ, ಬ್ಯಾಂಕಿನ ಮರುಪರಿಶೀಲನೆ ಎಲ್ಲ ಸೇರಿ ಐದು ತಿಂಗಳು ಕಳೆಯಿತು. ಬಡ್ಡಿಯೊಂದೇ 1,83,000 ರೂ. ಆಕೆ ತನ್ನ ಮೂರನೆಯ ಒಂದು ಪಾಲಿಗೆ ಬೆಲೆ ಕೇಳಿದ್ದರೆ ಲೆಕ್ಕ ಪೂರ್ತಿಯಾಗಿ ನಷ್ಟಕ್ಕೆ ತಿರುಗುತ್ತಿತ್ತು. ಕೇಳುವ ಹಕ್ಕು ಆಕೆಗಿತ್ತು. ಕೊಳ್ಳುವ ಮುನ್ನವೇ ವಂಶವೃಕ್ಷ ತರಿಸಿ, ಅದರಲ್ಲಿನ ಪ್ರತಿಯೊಂದು ಹೆಸರಿಗೂ ಸಹಿ ಇದೆಯೇ ಎಂದು ನೋಡುವುದಕ್ಕೆ ಖರ್ಚಾಗುವುದು ವಕೀಲರ ಶುಲ್ಕದ ಒಂದಂಶ ಮಾತ್ರ. ಮರುಮಾರಾಟಕ್ಕೆಂದು ಕೊಳ್ಳುವವರು ದಾಖಲೆಗಳನ್ನು ತಮಗೆ ತೃಪ್ತಿಯಾಗುವಂತೆ ನೋಡಿದರೆ ಸಾಲದು, ಮುಂದೆ ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕಿಗೆ ಒಪ್ಪಿಗೆಯಾಗುವಂತೆ ನೋಡಬೇಕು.

ಇನ್ನುಳಿದ ದಾಖಲೆಗಳ ವಿಷಯ ಬಹುಪಾಲು ಓದುಗರಿಗೆ ತಿಳಿದದ್ದೇ. ಜಿಪಿಎ ಮೂಲಕ ಕೈಬದಲಾದ ಮನೆಗೆ ಒಡೆತನ ಸಿದ್ಧಿಸದು ಎಂಬುದನ್ನು ಸುಪ್ರೀಂ ಕೋರ್ಟು 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಹೇಳಿಯಾಗಿದೆ. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿರುವುದರಿಂದ, ಕಾಗದದ ಖಾತೆಯಷ್ಟೇ ಇರುವ ಹಳೆಯ ಮನೆಗೆ ಮೊದಲು ಇ-ಖಾತೆ ಮಾಡಿಸುವ ಹೊಣೆಯನ್ನು ಕರಾರಿನಲ್ಲೇ ಮಾರುವವರ ಮೇಲೆ ಹಾಕುವುದು ಲೇಸು. ಬೀಗ ಹಾಕಿದ್ದ ಮನೆಯ ಹಳೆಯ ವಿದ್ಯುತ್ ಬಾಕಿಯನ್ನೂ ಮರೆಯಬಾರದು. ನಿಯಮಾವಳಿಯಲ್ಲಿ ಅವಕಾಶವಿದ್ದರೆ ಹಿಂದಿನ ಮಾಲೀಕರ ಬಾಕಿಯನ್ನು ಹೊಸ ಮಾಲೀಕರಿಂದ ವಸೂಲು ಮಾಡಬಹುದೆಂದು 2023ರ ಮೇ ತಿಂಗಳಲ್ಲಿ ಕೆ.ಸಿ. ನೈನಾನ್ ಪ್ರಕರಣದಲ್ಲಿ ತೀರ್ಪಾಗಿದೆ.

ದಾಸ್ತಾನೋ, ಬಂಡವಾಳ ಆಸ್ತಿಯೋ?

ಈಗ ತೆರಿಗೆಯ ವಿಷಯ. ಇಲ್ಲಿ ಪರಿಚಿತವಾದ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ ಸಂಖ್ಯೆಗಳನ್ನೇ ಬಳಸಲಾಗಿದೆ. 2026ರ ಏಪ್ರಿಲ್ 1ರಿಂದ ಅದರ ಸ್ಥಾನಕ್ಕೆಂದು ರೂಪಿತವಾದ 2025ರ ಕಾಯ್ದೆಯಲ್ಲಿ ಸಂಖ್ಯೆಗಳು ಬೇರೆಯಾದರೂ ಇಲ್ಲಿ ಚರ್ಚಿಸಿದ ತತ್ತ್ವಗಳು ಮುಂದುವರಿದಿವೆ.

ಮನೆ ಮಾರಿದರೆ ಬಂಡವಾಳ ಲಾಭ ಎಂಬುದು ಸಾಮಾನ್ಯ ನಂಬಿಕೆ. ಸ್ವಂತ ವಾಸದ ಅಥವಾ ಪಿತ್ರಾರ್ಜಿತ ಮನೆಯ ವಿಷಯದಲ್ಲಿ ಅದು ಸರಿ. ಆದರೆ ಮಾರುವ ಉದ್ದೇಶದಿಂದಲೇ ಕೊಂಡ ಮನೆಯು ಕಾನೂನಿನ ದೃಷ್ಟಿಯಲ್ಲಿ ವ್ಯಾಪಾರದ ದಾಸ್ತಾನು. ಅದರ ಲಾಭ ವ್ಯಾಪಾರದ ಆದಾಯ. ಒಂದೇ ಒಂದು ವ್ಯವಹಾರವಾದರೂ ಅದು ವ್ಯಾಪಾರ ಸ್ವರೂಪದ ಸಾಹಸವೆನಿಸಬಹುದು. ಜಿ. ವೆಂಕಟಸ್ವಾಮಿ ನಾಯ್ಡು ಅಂಡ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನೀಡಿದ ತೀರ್ಪನ್ನು ಇಂದಿಗೂ ಎಲ್ಲರೂ ಉಲ್ಲೇಖಿಸುತ್ತಾರೆ. ಕೊಯಮತ್ತೂರಿನ ಗಿರಣಿಯೊಂದರ ಮ್ಯಾನೇಜಿಂಗ್ ಏಜೆಂಟರಾಗಿದ್ದ ಆ ಸಂಸ್ಥೆ, ಗಿರಣಿಗೆ ಹೊಂದಿಕೊಂಡ ನಾಲ್ಕು ತುಂಡು ಜಮೀನನ್ನು 1941-42ರಲ್ಲಿ ಸುಮಾರು 8,700 ರೂ.ಗೆ ಕೊಂಡು, 1947ರಲ್ಲಿ ಅದೇ ಗಿರಣಿಗೆ 52,600 ರೂ.ಗೆ ಮಾರಿತ್ತು. ಐದು ವರ್ಷ ಇಟ್ಟುಕೊಂಡಿದ್ದರೂ, ಕೊಂಡಾಗಲೇ ಮಾರುವ ಉದ್ದೇಶವಿತ್ತೆಂಬ ಕಾರಣದಿಂದ ಲಾಭವನ್ನು ವ್ಯಾಪಾರದ್ದೆಂದು ನ್ಯಾಯಾಲಯ ಎತ್ತಿಹಿಡಿಯಿತು. ಆದ್ದರಿಂದ 24 ತಿಂಗಳು ದಾಟಿಸಿದರೆ ದೀರ್ಘಾವಧಿ ಲಾಭವಾಗಿ ಶೇ. 12.5ರ ತೆರಿಗೆ ಸಾಕು, ಇಲ್ಲವೇ ಕಲಂ 54ರಂತೆ ಇನ್ನೊಂದು ಮನೆ ಕೊಂಡು ತೆರಿಗೆಯನ್ನೇ ತಪ್ಪಿಸಬಹುದು ಎಂಬ ಲೆಕ್ಕಾಚಾರ, ಮರುಮಾರಾಟಕ್ಕೆಂದೇ ಕೊಂಡವರಿಗೆ ಭದ್ರವಾದ ಆಸರೆಯಲ್ಲ.

ಬಂಡವಾಳ ಲಾಭವೆಂದು ತೋರಿಸಿದರೆ ಅನುಕೂಲವಾದರೂ ಇದೆಯೇ? ಉದಾಹರಣೆಯ ಮನೆ ಹದಿನಾಲ್ಕು ತಿಂಗಳಲ್ಲಿ ಮಾರಾಟವಾದುದರಿಂದ ಲಾಭ ಅಲ್ಪಾವಧಿಯದು. ತೆರಿಗೆ ಸಾಮಾನ್ಯ ದರದಲ್ಲಿ. ಬಂಡವಾಳ ಲಾಭದ ಲೆಕ್ಕದಲ್ಲಿ ‘ಸುಧಾರಣೆಯ ವೆಚ್ಚ’ವೆಂದು ಕಳೆಯಬಹುದಾದದ್ದು ಬಂಡವಾಳ ಸ್ವರೂಪದ ಸೇರ್ಪಡೆ ಮತ್ತು ಮಾರ್ಪಾಡುಗಳನ್ನು ಮಾತ್ರ. ಸುಣ್ಣಬಣ್ಣ, ಚಿಲ್ಲರೆ ರಿಪೇರಿ, ಸ್ವಚ್ಛತೆ ಅದರಲ್ಲಿ ಸೇರುವುದಿಲ್ಲ. 14.50 ಲಕ್ಷದಲ್ಲಿ ಇಂತಹ ಖರ್ಚು 4 ಲಕ್ಷ, ರಸೀದಿಯಿಲ್ಲದ್ದು 2 ಲಕ್ಷ ಎಂದುಕೊಂಡರೆ ಉಳಿಯುವುದು 8.50 ಲಕ್ಷ. ಕಾವಲು, ಆಸ್ತಿ ತೆರಿಗೆಗಳೂ ಇಲ್ಲ. ಬಡ್ಡಿಯ ವಿಷಯದಲ್ಲಿ ವಾದಕ್ಕೆ ಎಡೆಯುಂಟು. ಅದನ್ನು ಒಪ್ಪದಿದ್ದರೆ ತೆರಿಗೆಗೊಳಪಡುವ ಲಾಭ 13,06,000 ರೂ. ಶೇ. 30ರ ಹಂತದಲ್ಲಿರುವ ವರ್ತಕರಿಗೆ ಸೆಸ್ ಸೇರಿ ತೆರಿಗೆ 4,07,000 ರೂ. ದಾಟುತ್ತದೆ. ಬಡ್ಡಿಯನ್ನು ಒಪ್ಪಿದರೂ ತೆರಿಗೆ ಸುಮಾರು 2,47,000. ಕೈಯಲ್ಲಿ ಉಳಿದಿರುವುದಾದರೋ ಒಂದೂವರೆ ಲಕ್ಷ!

ವ್ಯಾಪಾರದ ಆದಾಯವೆಂದು ತೋರಿಸಿದರೆ ಬಡ್ಡಿ, ಬಣ್ಣ, ಕಾವಲು ಎಲ್ಲವನ್ನೂ ಕಳೆಯಬಹುದು. ರಸೀದಿಯಿಲ್ಲದ 2 ಲಕ್ಷ ಮಾತ್ರ ಹೊರಗುಳಿದು, 3,48,000 ರೂ.ಗೆ ಸುಮಾರು 1,08,600 ರೂ. ತೆರಿಗೆ ಬೀಳುತ್ತದೆ. ಉಳಿಯುವುದು 39,000 ಚಿಲ್ಲರೆ. ದೊಡ್ಡ ಮೊತ್ತವೇನಲ್ಲ, ಆದರೂ ನಷ್ಟವಿಲ್ಲ. ವ್ಯವಹಾರ ನಷ್ಟದಲ್ಲಿ ಮುಗಿದರೆ ವ್ಯತ್ಯಾಸ ಇನ್ನೂ ಹೆಚ್ಚು. ವ್ಯಾಪಾರದ ನಷ್ಟವನ್ನು ಅಂಗಡಿಯ ಲಾಭದಲ್ಲಿ ವಜಾ ಮಾಡಬಹುದು, ಬಂಡವಾಳ ನಷ್ಟವನ್ನು ಬಂಡವಾಳ ಲಾಭದಲ್ಲಿ ಮಾತ್ರ.

ಮೊದಲ ದಿನವೇ ಮನೆಯನ್ನು ಖಾತೆಪುಸ್ತಕದಲ್ಲಿ ದಾಸ್ತಾನು ಎಂದು ಬರೆಯುವುದೋ ಹೂಡಿಕೆಯೆಂದೋ ಎಂಬುದು ಆದ್ದರಿಂದ ಗುಮಾಸ್ತರಿಗೆ ಬಿಡುವ ವಿಷಯವಲ್ಲ. ಉದ್ದೇಶವೇನಿತ್ತೋ ಅದನ್ನೇ ಬರೆಯಬೇಕು, ಬರೆದುದಕ್ಕೆ ಕೊನೆಯವರೆಗೂ ಬದ್ಧರಾಗಿರಬೇಕು. ಮಾರಾಟವಾಗದೆ ಬೇಸತ್ತು ಮನೆಯವರೇ ಅಲ್ಲಿ ವಾಸಕ್ಕೆ ಹೋದರೂ ಪ್ರಶ್ನೆ ಏಳುತ್ತದೆ. ದಾಸ್ತಾನನ್ನು ಬಂಡವಾಳ ಆಸ್ತಿಯಾಗಿ ಪರಿವರ್ತಿಸಿದ ದಿನದ ಮಾರುಕಟ್ಟೆ ಬೆಲೆಯ ಮೇಲೆ, ಹಣ ಕೈಗೆ ಬಾರದಿದ್ದರೂ, ಕಲಂ 28(ವಿಐಎ) ಅನ್ವಯ ವ್ಯಾಪಾರದ ಆದಾಯ ಲೆಕ್ಕ ಹಾಕಲಾಗುತ್ತದೆ.

ಅಂಗಡಿಯ ಲೆಕ್ಕಕ್ಕೆ ತಗಲುವ ಬಿಸಿ

ಮನೆಯ ವ್ಯವಹಾರ ಬೇರೆ, ಅಂಗಡಿಯದು ಬೇರೆ ಎಂದು ವರ್ತಕರು ಭಾವಿಸಿದರೂ ಎರಡೂ ಒಂದೇ ರಿಟರ್ನಿನಲ್ಲಿ ಕೂಡಿಕೊಳ್ಳುತ್ತವೆ. ವರ್ಷಕ್ಕೆ 1.60 ಕೋಟಿ ವಹಿವಾಟಿನ ಅಂಗಡಿಯವರು ಕಲಂ 44ಎಡಿ ಅಡಿ ಅಂದಾಜು ಲಾಭದ ಯೋಜನೆಯಲ್ಲಿದ್ದರೆ, ಮನೆಯ 88 ಲಕ್ಷ ಸೇರಿದೊಡನೆ ವಹಿವಾಟು 2.48 ಕೋಟಿಯಾಗಿ 2 ಕೋಟಿಯ ಮಿತಿಯನ್ನು ದಾಟುತ್ತದೆ. ನಗದು ಸ್ವೀಕೃತಿ ಶೇ. 5ನ್ನು ಮೀರದಿದ್ದರೆ ಮಿತಿ 3 ಕೋಟಿ. ಚಿಲ್ಲರೆ ವ್ಯಾಪಾರದಲ್ಲಿ ಎಷ್ಟು ಜನರಿಗೆ ಅದು ಸಾಧ್ಯ? ಯೋಜನೆಯಿಂದ ಹೊರಬಿದ್ದರೆ ಪೂರ್ಣ ಲೆಕ್ಕಪುಸ್ತಕ ಮತ್ತು ತೆರಿಗೆ ಲೆಕ್ಕಪರಿಶೋಧನೆ. ಒಳಗೇ ಉಳಿದರೆ, ಬ್ಯಾಂಕಿನ ಮೂಲಕ ಬಂದ 88 ಲಕ್ಷಕ್ಕೆ ಶೇ. 6ರಂತೆ 5,28,000 ರೂ. ಲಾಭವೆಂದು ಭಾವಿಸಬೇಕಾಗುತ್ತದೆ, ನಿಜವಾಗಿ ಬಂದದ್ದು 1,48,000.

ಶನಿವಾರದ ಬಟವಾಡೆಯಲ್ಲಿ ಇನ್ನೊಂದು ತೊಡಕಿದೆ. ವ್ಯಾಪಾರದ ಖರ್ಚಾದುದರಿಂದ ಕಲಂ 40ಎ(3) ಅನ್ವಯಿಸುತ್ತದೆ. ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ 10,000 ರೂ. ಮೀರಿ ನಗದು ಕೊಟ್ಟರೆ ಆ ಖರ್ಚು ಮಾನ್ಯವಾಗದು. ಎಂಟು ಜನರ ವಾರದ ಕೂಲಿ 28,000 ರೂ.ಗಳನ್ನು ಮೇಸ್ತ್ರಿಯ ಕೈಗೆ ಒಟ್ಟಾಗಿ ಕೊಟ್ಟು, ಅವನಿಂದ ಒಂದು ಚೀಟಿ ಬರೆಸಿಕೊಂಡರೆ ಪೂರ್ತಿ 28,000 ಹೋಯಿತು. ಪ್ರತಿ ಕೆಲಸಗಾರನಿಗೂ ನೇರವಾಗಿ ಕೊಟ್ಟು ಬಟವಾಡೆ ಪುಸ್ತಕದಲ್ಲಿ ಸಹಿ ಪಡೆದಿದ್ದರೆ ಆಕ್ಷೇಪಕ್ಕೆ ಎಡೆಯಿಲ್ಲ. ವರ್ಷಗಳ ನಂತರ ನೋಟಿಸು ಬಂದಾಗ ಮೇಸ್ತ್ರಿ ಯಾವ ಊರಿನಲ್ಲಿರುತ್ತಾನೋ ಯಾರಿಗೆ ಗೊತ್ತು.

ಸ್ವಂತ ಅಂಗಡಿಯಿಂದ ಸಾಮಗ್ರಿ ತೆಗೆದುಕೊಂಡರೆ ಅಗ್ಗ ಎಂಬ ಭಾವನೆಯೂ ಅರ್ಧ ಸತ್ಯ. ಪೂರ್ಣಗೊಂಡ ಕಟ್ಟಡದ ಮಾರಾಟ ಜಿಎಸ್‌ಟಿ ವ್ಯಾಪ್ತಿಗೆ ಬರುವುದಿಲ್ಲ. ಮಾರಾಟಕ್ಕೆ ತೆರಿಗೆಯಿಲ್ಲವಾದುದರಿಂದ ಆ ಮನೆಗೆ ಬಳಸಿದ ಪೈಪು, ಟೈಲ್ಸ್, ಬಣ್ಣ, ಸಿಮೆಂಟಿನ ಮೇಲಿನ ಇನ್‌ಪುಟ್ ಕ್ರೆಡಿಟ್ ಸಹ ಸಿಗುವುದಿಲ್ಲ. ಸಿಮೆಂಟಿನ ದರ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದದ್ದು ಸ್ವಲ್ಪ ಸಮಾಧಾನ. ಅಂಗಡಿಗೆಂದು ಕೊಂಡಾಗ ಈಗಾಗಲೇ ಕ್ರೆಡಿಟ್ ಪಡೆದಿದ್ದರೆ, ಮನೆಗೆ ಒಯ್ದ ಸರಕಿನ ಮಟ್ಟಿಗೆ ಅದನ್ನು ಹಿಂದಿರುಗಿಸಬೇಕು. ಇದಕ್ಕಾಗಿ ಅಂಗಡಿಯಿಂದ ಏನೇನು ಹೋಯಿತೆಂಬ ಪಟ್ಟಿ ಬೇಕು. ‘ಮನೆ ಕೆಲಸಕ್ಕೆ’ ಎಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ ಸಾಲದು. ಇನ್ನೂ ಸೂಕ್ಷ್ಮವಾದುದೊಂದಿದೆ. ಕ್ರೆಡಿಟ್ ಹಂಚಿಕೆಯ ಲೆಕ್ಕದಲ್ಲಿ ಕಟ್ಟಡದ ಮಾರಾಟವನ್ನು ಮುದ್ರಾಂಕ ಶುಲ್ಕದ ಮೌಲ್ಯದಲ್ಲಿ ವಿನಾಯಿತಿ ಪೂರೈಕೆಯೊಡನೆ ಸೇರಿಸಲಾಗುತ್ತದೆ. ಟೆಲಿಫೋನ್, ಲೆಕ್ಕಪರಿಶೋಧಕರ ಶುಲ್ಕ ಮುಂತಾಗಿ ಎರಡೂ ವ್ಯವಹಾರಕ್ಕೆ ಸಂಬಂಧಿಸಿದ ಖರ್ಚುಗಳ ಕ್ರೆಡಿಟ್ಟಿನಲ್ಲಿ ಅದಕ್ಕನುಗುಣವಾದ ಪಾಲು ಹೋಗುತ್ತದೆ.

ಕ್ರಯದ ಎರಡು ತುದಿಗಳಲ್ಲಿ

50 ಲಕ್ಷ ಅಥವಾ ಹೆಚ್ಚಿನ ಕ್ರಯದಲ್ಲಿ ಕೊಳ್ಳುವವರು ಶೇ. 1ರಷ್ಟನ್ನು ಮೂಲದಲ್ಲೇ ಕಡಿತ ಮಾಡಿ ಸರ್ಕಾರಕ್ಕೆ ಕಟ್ಟಬೇಕೆಂಬ ಕಲಂ 194-ಐಎ 2013ರ ಜೂನ್‌ನಿಂದ ಜಾರಿಯಲ್ಲಿದೆ. ಕೊಳ್ಳುವಾಗ ವರ್ತಕರು 60,000 ಕಡಿತ ಮಾಡಬೇಕು, ಮಾರುವಾಗ ಅವರಿಂದ 88,000 ಕಡಿತವಾಗುತ್ತದೆ. ಹಳೆಯ ಮನೆಗಳ ವಿಶೇಷವೆಂದರೆ ವಾರಸುದಾರರಲ್ಲೊಬ್ಬರು ಅಮೆರಿಕದಲ್ಲೋ ದುಬೈಯಲ್ಲೋ ಇರುವುದು. ಅನಿವಾಸಿಯ ಪಾಲಿನ ಹಣಕ್ಕೆ ಶೇ. 1 ಅಲ್ಲ, ಕಲಂ 195ರಂತೆ ಹೆಚ್ಚಿನ ದರ. 50 ಲಕ್ಷದ ಮಿತಿಯೂ ಅಲ್ಲಿ ಇಲ್ಲ. ಕಡಿತ ಮಾಡದೆ ಬಿಟ್ಟರೆ ತೆರಿಗೆಯ ಹೊಣೆ ಕೊಂಡವರ ಮೇಲೆ ಬೀಳುತ್ತದೆ.

ಮಾರ್ಗಸೂಚಿ ಬೆಲೆಗಿಂತ ಕಡಿಮೆಗೆ ಮಾರಿದರೆ, ವ್ಯತ್ಯಾಸ ಶೇ. 10ರ ರಿಯಾಯಿತಿಯನ್ನು ಮೀರಿದಾಗ ಮಾರ್ಗಸೂಚಿ ಬೆಲೆಯನ್ನೇ ಮಾರಾಟ ಬೆಲೆಯೆಂದು ಪರಿಗಣಿಸಲಾಗುತ್ತದೆ. ಬಂಡವಾಳ ಆಸ್ತಿಗೆ ಕಲಂ 50ಸಿ, ದಾಸ್ತಾನಿಗೆ 43ಸಿಎ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಪರಿಷ್ಕೃತ ದರಗಳು ಜಾರಿಗೆ ಬಂದಾಗ ಅನೇಕ ಬಡಾವಣೆಗಳಲ್ಲಿ ಏರಿಕೆಯಾಯಿತು. ಕೊಂಡ ಮತ್ತು ಮಾರುವ ದಿನಗಳ ನಡುವೆ ಇಂತಹ ಪರಿಷ್ಕರಣೆ ಬಂದರೆ ಲೆಕ್ಕ ತಲೆಕೆಳಗಾಗಬಹುದು. ಕರಾರಿನ ದಿನವೇ ಮುಂಗಡವನ್ನು ಬ್ಯಾಂಕಿನ ಮೂಲಕ ಪಡೆದಿದ್ದರೆ ಆ ದಿನದ ದರವನ್ನು ಅನ್ವಯಿಸಿಕೊಳ್ಳಲು ಅವಕಾಶವಿದೆ.

ನಗದಿನ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂ. ಅಥವಾ ಹೆಚ್ಚಿನ ಹಣವನ್ನು ನಗದಾಗಿ ಪಡೆಯುವುದನ್ನು 2015ರ ಜೂನ್‌ನಿಂದ ಕಲಂ 269ಎಸ್‌ಎಸ್ ನಿಷೇಧಿಸುತ್ತದೆ. ದಂಡ ಪಡೆದಷ್ಟೇ ಮೊತ್ತ. ಬೆಂಗಳೂರಿನ ಆಸ್ತಿಯೊಂದಕ್ಕೆ ಸಂಬಂಧಿಸಿದ ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಯ ಪ್ರಕರಣದಲ್ಲಿ 75 ಲಕ್ಷ ರೂ. ಮುಂಗಡವನ್ನು ನಗದಾಗಿ ಕೊಟ್ಟಿದ್ದೇವೆಂಬ ವಾದ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. 2 ಲಕ್ಷ ಅಥವಾ ಹೆಚ್ಚಿನ ನಗದಿನ ಉಲ್ಲೇಖವಿರುವ ದಾವೆ ಬಂದರೆ ನ್ಯಾಯಾಲಯಗಳೂ, ಪತ್ರ ಬಂದರೆ ಉಪನೋಂದಣಾಧಿಕಾರಿಗಳೂ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕೆಂದು 2025ರ ಏಪ್ರಿಲ್‌ನಲ್ಲಿ ನಿರ್ದೇಶಿಸಲಾಯಿತು.

ಹಿಂದಿನಿಂದ ಮುಂದಕ್ಕೆ ಲೆಕ್ಕ

ಉದಾಹರಣೆಯ ವರ್ತಕರು ಯಾವ ಬೆಲೆಗೆ ಕೊಂಡಿದ್ದರೆ ಈ ಶ್ರಮ ಸಾರ್ಥಕವಾಗುತ್ತಿತ್ತು? ತೆರಿಗೆಗೆ ಮುನ್ನ 8 ಲಕ್ಷವಾದರೂ ಉಳಿಯಬೇಕು ಎಂದಿಟ್ಟುಕೊಂಡು ಮಾರಾಟ ಬೆಲೆಯಿಂದ ಹಿಂದಕ್ಕೆ ಬರಬೇಕು. 88 ಲಕ್ಷದಲ್ಲಿ ಮಾರುವ ದಲ್ಲಾಳಿ 88,000, ದುರಸ್ತಿ 14.50 ಲಕ್ಷ, ಬಡ್ಡಿ 5.13 ಲಕ್ಷ, ನಿರ್ವಹಣೆ 45,000, ದಾಖಲೆಗಳ ಖರ್ಚು 40,000, ಬಯಸಿದ ಲಾಭ 8 ಲಕ್ಷ ಕಳೆದರೆ 58.64 ಲಕ್ಷ ಉಳಿಯುತ್ತದೆ. ಇದರಲ್ಲಿ ಕ್ರಯದ ಹಣ, ಅದರ ಮೇಲಿನ ಶೇ. 7.6 ಮತ್ತು ದಲ್ಲಾಳಿ ಶೇ. 1 ಅಡಗಬೇಕು. 58.64ನ್ನು 1.086ರಿಂದ ಭಾಗಿಸಿದರೆ 54 ಲಕ್ಷ.

ತಂಗಿಯ ಸಹಿಯನ್ನು ಮೊದಲೇ ಪಡೆದು ಐದು ತಿಂಗಳ ಬಡ್ಡಿ ಉಳಿಸಿದ್ದರೆ ಅದೇ ಲಾಭಕ್ಕೆ ಸುಮಾರು 55.70 ಲಕ್ಷದವರೆಗೂ ಹೋಗಬಹುದಿತ್ತು. 60 ಲಕ್ಷಕ್ಕಂತೂ ಯಾವ ದಾರಿಯೂ ಇರಲಿಲ್ಲ; ದುರಸ್ತಿ ಅಂದಾಜಿನಂತೆ 10 ಲಕ್ಷದಲ್ಲೇ ಮುಗಿದಿದ್ದರೂ, ಹದಿನಾಲ್ಕು ತಿಂಗಳ ಲೆಕ್ಕದಲ್ಲಿ ಉಳಿಯುತ್ತಿದ್ದದ್ದು ಆರು ಲಕ್ಷಕ್ಕೆ ಎರಡು ಸಾವಿರ ಕಡಿಮೆ. ಕೊಳೆತ ಜಂತೆ, ಸಹಿಯಿಲ್ಲದ ವಾರಸುದಾರಳು, ಇನ್ನೂ ಆಗದ ಇ-ಖಾತೆ ಇವೆಲ್ಲ ಮಾರುವವರ ಮುಂದೆ ಇಡಬಹುದಾದ ಚೌಕಾಶಿಯ ಕಾರಣಗಳೇ. ಮುಂಗಡ ಕೊಡುವ ಮುನ್ನ ಅವು ವರ್ತಕರ ಕೈಯಲ್ಲಿದ್ದಿದ್ದರೆ 60ರಿಂದ 54ಕ್ಕೆ ಇಳಿಸುವ ಮಾತಾದರೂ ನಡೆಯುತ್ತಿತ್ತು. ಕ್ರಯಪತ್ರ ನೋಂದಣಿಯಾದ ಮೇಲೆ ಅದೇ ಮೂರು ಸಂಗತಿಗಳನ್ನು ಮುಂದೆ ಕೊಳ್ಳುವವರು ವರ್ತಕರ ಮುಂದಿಟ್ಟು ಬೆಲೆ ಇಳಿಸಲು ಕೇಳುತ್ತಾರೆ.